ಸಹಿಯಾದ ಮೇಲೂ ಚೌಕಾಸಿ

ಅಮೆರಿಕದಲ್ಲಿರುವ ನನ್ನ ಮಗಳು ಮನೆ ಕೊಳ್ಳುವ ಕರಾರಿಗೆ ಸಹಿ ಹಾಕಿದ ಮೇಲೂ ಬೆಲೆ ಇಳಿಸಿಕೊಂಡಳು. ಇದು ಹೇಗೆ ಸಾಧ್ಯ?

ದನಗಳ ಜಾತ್ರೆಯಲ್ಲಿ ವ್ಯಾಪಾರ ಕುದುರಿದರೂ, ಎತ್ತನ್ನು ಗಾಡಿಗೆ ಕಟ್ಟಿ ನಡೆಸಿ ನೋಡದೆ ರೈತ ಪೂರ್ತಿ ಹಣ ಎಣಿಸುವುದಿಲ್ಲ. ಅಲ್ಲಿನ ಮನೆ ಕರಾರೂ ಹಾಗೆಯೇ. ಅದರಲ್ಲಿ ತಪಾಸಣೆಯ ಷರತ್ತು ಇದ್ದರೆ, ಕೊಳ್ಳುವವರು ಸಾಮಾನ್ಯವಾಗಿ ವಾರ ಹತ್ತು ದಿನದೊಳಗೆ ತಮ್ಮ ಖರ್ಚಿನಲ್ಲೇ ಇನ್‌ಸ್ಪೆಕ್ಟರನ್ನು ಕರೆಸುತ್ತಾರೆ. ಆತ ಚಾವಣಿ, ಅಡಿಪಾಯ, ವೈರಿಂಗ್, ಕೊಳಾಯಿ ಎಲ್ಲ ನೋಡಿ ವರದಿ ಕೊಡುತ್ತಾನೆ. ದೊಡ್ಡ ದೋಷ ಕಂಡರೆ ರಿಪೇರಿ ಮಾಡಿಸಿಕೊಡಿ, ಬೆಲೆ ಇಳಿಸಿ, ಇಲ್ಲವೇ ವ್ಯವಹಾರ ಮುಗಿಸುವ ದಿನದ ನಮ್ಮ ಖರ್ಚನ್ನು ನೀವು ವಹಿಸಿಕೊಳ್ಳಿ ಎಂದು ಕೇಳಬಹುದು. ಒಪ್ಪದಿದ್ದರೆ ಗಡುವಿನೊಳಗೆ ಹಿಂದೆ ಸರಿದು ಮುಂಗಡ ವಾಪಸು ಪಡೆಯಬಹುದು.

ಮಾರುವವರು ಬಗ್ಗುವುದೇಕೆ? ಒಮ್ಮೆ ಗೊತ್ತಾದ ದೊಡ್ಡ ದೋಷವನ್ನು ಹಲವು ರಾಜ್ಯಗಳಲ್ಲಿ ಮುಂದಿನ ಗಿರಾಕಿಗೂ ಹೇಳಲೇಬೇಕು. ಆ ಗಿರಾಕಿಯೂ ಇದೇ ಮಾತು ಎತ್ತುತ್ತಾನೆ.

ಬಣ್ಣ, ಬಾಗಿಲ ಹಿಡಿಯಂಥ ಸಣ್ಣಪುಟ್ಟದ್ದಕ್ಕೆ ಜಗ್ಗಾಡಬಾರದು. ಕೇಳುವುದರಲ್ಲಿ ಮೂರನೆಯದೇ, ಅಂದರೆ ಮುಗಿಸುವ ದಿನದ ಖರ್ಚನ್ನು ಮಾರುವವರು ವಹಿಸಿಕೊಳ್ಳುವುದೇ ಮೇಲೆಂದು ನನಗೆ ತೋರುತ್ತದೆ, ಸಾಲ ಕೊಡುವ ಬ್ಯಾಂಕ್ ಒಪ್ಪುವ ಮಿತಿಯೊಳಗೆ. 10,000 ಡಾಲರ್ ಬೆಲೆ ಇಳಿದು ಸಾಲವೂ ಅಷ್ಟೇ ತಗ್ಗಿದರೆ, ಶೇ. 6 ಬಡ್ಡಿಯ 30 ವರ್ಷದ ಸಾಲದಲ್ಲಿ ತಿಂಗಳಿಗೆ ಉಳಿಯುವುದು ಸುಮಾರು 60 ಡಾಲರ್. ಸೋರುವ ಚಾವಣಿಗೆ ಹಣ ಈಗಲೇ ಬೇಕು; ಮುಗಿಸುವ ದಿನದ ಖರ್ಚು ಉಳಿದರೆ ಅದು ಕೈಯಲ್ಲೇ ಇರುತ್ತದೆ.