ಬ್ರೇಕ್ ತುಳಿದರೆ ಮುಂದೆ ಬೆಳಕು!

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಎಂದರೆ ಕಾಲಭೈರವೇಶ್ವರನ ಗುಡಿ, ದೇವರ ಬಸವ ಬಸಪ್ಪ. ಮಂಡ್ಯ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಈ ಸಲ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಹಳೆಯ ಕಾರು. ವೈರಿಂಗ್ ಕೆಲಸದ ಹುಡುಗನೊಬ್ಬ ರಸ್ತೆ ಬದಿಯಲ್ಲಿ ಅದರ ಡಿಕ್ಕಿ ತೆರೆದು ಕೂತಿದ್ದ. ಲೈಟಿನ ಸ್ವಿಚ್ ಆಫ್ ಆಗಿತ್ತು. ಕಾರಿನವರು ಬ್ರೇಕ್ ತುಳಿದರು. ಬ್ರೇಕ್ ಲೈಟು ಮಿಣುಕ್ ಎಂದಿತೇ ಹೊರತು ಉರಿಯಲಿಲ್ಲ. ಮುಂದಿನ ಪಾರ್ಕಿಂಗ್ ಲೈಟು, ಇಂಡಿಕೇಟರುಗಳು ಮಾತ್ರ ಕೆಂಡದ ಹಾಗೆ ಮಂಕಾಗಿ ಹೊತ್ತಿಕೊಂಡವು!

‘ಬಲ್ಬಲ್ಲ ಕನಣ್ಣ, ಅರ್ತ್ ಬುಟ್ಟದೆ’ ಎಂದ ಹುಡುಗ, ತಲೆ ಎತ್ತದೆ.

ಎಷ್ಟು ಚೆಂದದ ದೋಷ ಇದು! ಹಿಂದಿನ ಬಲ್ಬಿನೊಳಗೆ ಎರಡು ತಂತಿ: ಬ್ರೇಕಿಗೆ 21 ವ್ಯಾಟಿನದು, ಟೇಲ್ ಲೈಟಿಗೆ 5 ವ್ಯಾಟಿನದು. ಎರಡಕ್ಕೂ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಒಂದೇ. ಆ ಕಾರಿನಲ್ಲಿ ಹಿಂದಿನ ಎಡಬಲದ ದೀಪಗಳ ಅರ್ತ್ ವೈರುಗಳೆಲ್ಲ ಡಿಕ್ಕಿಯ ಒಂದೇ ಬೋಲ್ಟಿಗೆ ಬಂದು ಸೇರುತ್ತಿದ್ದವು. ಬೋಲ್ಟಿನಡಿ ತುಕ್ಕು ಹಿಡಿದು ದಾರಿ ಮುಚ್ಚಿತ್ತು. ಬ್ರೇಕಿನ ಕರೆಂಟು ಸುಮ್ಮನಿರುತ್ತದೆಯೇ? 5 ವ್ಯಾಟಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಟೇಲ್ ಲೈಟಿನ ವೈರು ಹಿಡಿದು, ಮುಂದಿನ ಪಾರ್ಕಿಂಗ್ ಬಲ್ಬಿನ ಮೂಲಕ ಅರ್ತ್ ಹುಡುಕಿಕೊಂಡಿತು. ಇಂಡಿಕೇಟರಿನ ಕಡೆಯಿಂದಲೂ ಅದೇ ಕಥೆ. ಬ್ಯಾಟರಿಯ 12 ವೋಲ್ಟು ಹೀಗೆ ಹಂಚಿಹೋದರೆ ಯಾವ ಬಲ್ಬಿಗೂ ಹೊಟ್ಟೆ ತುಂಬುವುದಿಲ್ಲ.

ಹುಡುಗ ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದ ವೈರು ಎಳೆದು ಹೋಲ್ಡರಿನ ಅರ್ತಿಗೆ ಮುಟ್ಟಿಸಿದ. ಬ್ರೇಕ್ ಲೈಟು ಝಗ್ಗನೆ ಉರಿಯಿತು, ಮುಂದಿನವು ಆರಿದವು. ಬೋಲ್ಟು ಬಿಚ್ಚಿ, ತಗಡು ಬೆಳ್ಳಗಾಗುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ.

ಅರ್ತ್ ಸರಿಯಿದೆಯೇ ಎಂದು ನೋಡಲು ಮಲ್ಟಿಮೀಟರಿನ ‘ಬೀಪ್’ ಸದ್ದನ್ನು ನಾನು ನಂಬುವುದಿಲ್ಲ. ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ. ಆ ಎಳೆ ಹೆಡ್‌ಲೈಟಿನ ಕರೆಂಟನ್ನು ಹೊರಲಾರದು. ದೀಪ ಉರಿಯುತ್ತಿರುವಾಗಲೇ ಅದರ ಅರ್ತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜ್ ಅಳೆಯಬೇಕು. ಸೊನ್ನೆಯ ಹತ್ತಿರ ಇದ್ದರೆ ಅರ್ತ್ ಸರಿಯಿದೆ. 60 ವ್ಯಾಟಿನ ಹ್ಯಾಲೊಜನ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಅದಕ್ಕೆ ಸಿಗುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30ರಷ್ಟು ಕುಗ್ಗುತ್ತದೆ. ‘ಲೈಟು ಡಲ್ಲು’ ಎಂದು ದುಬಾರಿ ಬಲ್ಬು ಕೊಳ್ಳುವವರು ಮೊದಲು ಇದನ್ನು ನೋಡಲಿ.

ಕಾರಿಗೆ ಈ ವೈರು, ಅರ್ತುಗಳ ತಾಪತ್ರಯ ಬಂದದ್ದು ತಡವಾಗಿಯೇ. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಆಗ ಕಾರುಗಳು ಇನ್ನೂ ಎಣ್ಣೆಯ, ಕಾರ್ಬೈಡ್ ಗ್ಯಾಸಿನ ದೀಪ ಹೊತ್ತಿಸಿಕೊಂಡು ಓಡುತ್ತಿದ್ದವು. ಸ್ಟಾರ್ಟರಿಗೂ ದೀಪಕ್ಕೂ ವಿದ್ಯುತ್ತನ್ನೇ ಬಳಸಿದ ಅಮೆರಿಕದ ಕ್ಯಾಡಿಲಾಕ್ ಬಂದದ್ದು 1912ರ ಹೊತ್ತಿಗೆ.

ಮತ್ತೆ ಅರ್ತಿನ ಮಾತಿಗೆ ಬಂದರೆ, ಮಂಡ್ಯದ ಈ ಭಾಗದಲ್ಲಿ ಕಬ್ಬಿನ ಟ್ರೈಲರುಗಳು ರಾತ್ರಿಯೂ ಓಡುತ್ತವೆ. ಟ್ರಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಕಬ್ಬಿಣವನ್ನೇ ಅರ್ತ್ ಎಂದು ನಂಬಿದರೆ, ತುಕ್ಕು, ಗ್ರೀಸು, ಕುಲುಕಾಟದ ನಡುವೆ ಹಿಂದಿನ ದೀಪ ಯಾವಾಗ ಆರಿತೋ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ದೀಪದ ವೈರಿನ ಜೊತೆ ಅರ್ತಿಗೂ ಒಂದು ವೈರನ್ನು ಟ್ರಾಕ್ಟರಿನಿಂದಲೇ ಎಳೆಸಿ, ಅದೇ ಪ್ಲಗ್ಗಿಗೆ ಕೊಡಿಸಬೇಕು.