ಕೆಮ್ಮಿದರೆ ಸೀರೆ ಒದ್ದೆ: ಗರ್ಭಕೋಶ ತೆಗೆಸುವುದು ಮದ್ದಲ್ಲ!

ಮೋಟೆಬೆನ್ನೂರು: ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಘಾಟು, ಕೆಮ್ಮು, ಸೀನು ಹೊಸದಲ್ಲ. ಆದರೆ ಸೀನಿದಾಗ, ಚೀಲ ಎತ್ತಿದಾಗ ಮೂತ್ರ ಹನಿಯುವ ಸಂಗತಿಯನ್ನು ಬಾಯಿ ಬಿಟ್ಟು ಹೇಳುವವರು ಎಷ್ಟು ಮಂದಿ?

ಹೆರಿಗೆಯಿಂದಲೋ ವಯಸ್ಸಿನಿಂದಲೋ ಮೂತ್ರನಾಳದ ಆಸರೆ ಸಡಿಲಾಗ್ತದೆ. ಮೊದಲ ಮದ್ದಿಗೆ ಕಾಸಿಲ್ಲ: ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ, ದಿನಕ್ಕೆ ಮೂರು ಸಲ, ಮೂರು ತಿಂಗಳು.

ಅದಕ್ಕೂ ಬಗ್ಗದಿದ್ದರೆ ಆಪರೇಶನ್. ಮುಖ್ಯವಾದವು ಮೂರು. ಒಂದು, 1961ರಲ್ಲಿ ಬರ್ಚ್ ಎಂಬ ವೈದ್ಯ ತಿಳಿಸಿದ್ದು: ಮೂತ್ರಚೀಲದ ಕತ್ತನ್ನು ಎತ್ತಿ ಹೊಲಿಯುವುದು. ಎರಡು, ರೋಗಿಯ ಹೊಟ್ಟೆಯದೇ ಗಟ್ಟಿ ಪೊರೆಯಿಂದ ನಾಳದಡಿ ಜೋಲಿ ಕಟ್ಟುವುದು. ಹೊರಗಿನ ವಸ್ತು ಒಳಗೆ ಉಳಿಯದು. ಆದರೆ ಗಾಯ ದೊಡ್ಡದು, ಕೆಲವರಿಗೆ ಮೂತ್ರ ಕಟ್ಟುವುದೂ ಉಂಟು. ಮೂರು, 1990ರ ದಶಕದಲ್ಲಿ ಸ್ವೀಡನ್ನಿನಿಂದ ಬಂದ ಪ್ಲಾಸ್ಟಿಕ್ ಜಾಳಿಗೆಯ ಟೇಪು. ಸಣ್ಣ ಗಾಯ, ಬೇಗ ಮನೆ. ಗುಣದಲ್ಲಿ ಹಳೆಯವಕ್ಕೆ ಹೆಚ್ಚುಕಡಿಮೆ ಸರಿಸಮ. ಆದರೆ ಕೆಲವರಲ್ಲಿ ಟೇಪು ಒಳಗೇ ಕೊರೆದು ನೋವು ಕೊಡ್ತದೆ, ಪೂರ್ತಿ ತೆಗೆಯುವುದೂ ಕಷ್ಟ. ಅದಕ್ಕೇ 2018ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ತಡೆಹಿಡಿದರು.

ಗರ್ಭಕೋಶ ತೆಗೆಸುವುದು ಈ ಪಟ್ಟಿಯಲ್ಲೇ ಇಲ್ಲ! ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರೆಂದು ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ಈ ಸೀಮೆ ಮರೆತಿಲ್ಲ.

ಕತ್ತರಿಗೆ ಮೈ ಒಡ್ಡುವ ಮುನ್ನ ಕೇಳಿ: ಯಾವ ಆಪರೇಶನ್? ಒಳಗೆ ಏನು ಇಡ್ತೀರಿ? ಚೀಟಿಯಲ್ಲಿ ಬರೆದು ಕೊಡ್ತೀರಾ? ಮೆಣಸಿನಕಾಯಿ ಚೀಲವನ್ನೇ ಬಿಚ್ಚಿ ನೋಡದೆ ಕೊಳ್ಳದ ಊರು ಇದು. ಮೈಯ ವಿಷಯದಲ್ಲಿ ಕೇಳಲು ನಾಚಿಕೆ ಯಾಕೆ?