ಅರಳುಮರಳು: ಶಬ್ದವಿಚಾರವೂ ರೋಗವಿಚಾರವೂ

ಅರುವತ್ತು ದಾಟಿದವರ ಬುದ್ಧಿವಿಕಾರಕ್ಕೆಲ್ಲ ಕನ್ನಡದಲ್ಲಿ ‘ಅರಳುಮರಳು’ ಎಂಬ ಒಂದೇ ಹೆಸರು ರೂಢಿಯಲ್ಲಿರುವುದು. ಹಳಗನ್ನಡದ ‘ಮರುಳ್’ ಶಬ್ದಕ್ಕೆ ಭ್ರಾಂತಿಯೆಂದೂ ಪಿಶಾಚವೆಂದೂ ಅರ್ಥಗಳುಂಟು. ಬೇಂದ್ರೆಯವರು 1957ರ ತಮ್ಮ ಕವನಸಂಗ್ರಹಕ್ಕೆ ಇದನ್ನೇ ಹೆಸರಾಗಿಟ್ಟರು. ಮರಳಿ ಅರಳುವುದೆಂಬ ಅರ್ಥವೂ ಅಲ್ಲಿ ಹೊರಡುವುದು. ಕವಿಗೆ ಅದು ಶೋಭಿಸುವುದು. ಗೃಹಸ್ಥನಿಗೆ ಮಾತ್ರ ಈ ಶಬ್ದವು ಅಪಾಯಕರವಾದುದು. ಏಕೆಂದರೆ ಮೂರು ಭಿನ್ನ ವ್ಯಾಧಿಗಳನ್ನು ಇದು ಒಂದೇ ಮುಸುಕಿನಲ್ಲಿ ಅಡಗಿಸುವುದು.

ಮೊದಲನೆಯದು ಸನ್ನಿ. ನಿನ್ನೆಯವರೆಗೆ ನೆಟ್ಟಗಿದ್ದ ವೃದ್ಧೆಯು ಇಂದು ಮಗನ ಗುರುತು ಹಿಡಿಯದೆ, ಇರುಳೆಲ್ಲ ಬಡಬಡಿಸಿ, ಹಗಲು ಮಂಪರಿನಲ್ಲಿ ಬಿದ್ದಿದ್ದರೆ ಅದು ಮುಪ್ಪಿನ ಮರೆವಲ್ಲ. ಮೂತ್ರಮಾರ್ಗದ ಸೋಂಕು, ನ್ಯುಮೋನಿಯ, ರಕ್ತದಲ್ಲಿ ಸೋಡಿಯಂ ಇಳಿಯುವಿಕೆ, ಕೆಲವು ನಿದ್ರೆಯ ಮಾತ್ರೆಗಳು, ಇವೆಲ್ಲ ಅದಕ್ಕೆ ಕಾರಣಗಳಾಗಬಲ್ಲವು. ವೃದ್ಧರಲ್ಲಿ ಜ್ವರವು ತೋರದೆಯೂ ಸೋಂಕು ಇರಬಹುದೆಂಬುದನ್ನು ಮನೆಯವರು ಅರಿತಿರುವುದು ವಿರಳ. ಕಾರಣವು ನೀಗಿದರೆ ಬಹುಮಟ್ಟಿಗೆ ಬುದ್ಧಿಯು ತಿಳಿಯಾಗುವುದು. ಅರಳುಮರಳೆಂದು ಮೂಲೆಯಲ್ಲಿ ಮಲಗಿಸಿದರೆ ಪ್ರಾಣಕ್ಕೇ ಸಂಚಕಾರವು. ಆ ದಿನವೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಎರಡನೆಯದು ಖಿನ್ನತೆ. ಊಟ ನಿದ್ರೆಗಳು ಕೆಟ್ಟು, ಕೇಳಿದ್ದಕ್ಕೆಲ್ಲ ‘ಗೊತ್ತಿಲ್ಲ, ಬಿಡು’ ಎನ್ನುವವರ ಸ್ಮೃತಿಯು ಅಳಿದಿರುವುದಿಲ್ಲ, ಉತ್ಸಾಹವು ಅಳಿದಿರುವುದು. ಇದಕ್ಕೂ ಚಿಕಿತ್ಸೆಯುಂಟು.

ವರ್ಷಗಳ ಮೇಲೆ ಮೆಲ್ಲನೆ ಬೆಳೆಯುವ ಮರೆಗುಳಿರೋಗವೇ ಮೂರನೆಯದು. ಜರ್ಮನಿಯ ವೈದ್ಯ ಆಲ್ಝೈಮರನು 1906ರಲ್ಲಿ ವರ್ಣಿಸಿದ ವ್ಯಾಧಿಯು ಇದರ ಮುಖ್ಯ ಪ್ರಭೇದ. ಔಷಧಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ತಗ್ಗಿಸುವುವೇ ಹೊರತು ರೋಗವನ್ನು ನಿರ್ಮೂಲ ಮಾಡಲಾರವು. ಆದರೂ ಪರೀಕ್ಷೆಯು ವ್ಯರ್ಥವಲ್ಲ: ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಬಿದ್ದಾಗ ತಲೆಯೊಳಗೆ ಜಿನುಗಿದ ರಕ್ತ, ಇವೂ ಇದೇ ವೇಷದಲ್ಲಿ ಬರುವುದುಂಟು.

‘ವಯಸ್ಸಾಯಿತು, ಇನ್ನೇನು’ ಎಂಬ ಔದಾಸೀನ್ಯಕ್ಕೆ ಪ್ರಾಚೀನರ ಸಮ್ಮತಿಯೂ ಇಲ್ಲ. ವಾಗ್ಭಟನು ಜರೆಯನ್ನು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದನ್ನಾಗಿ ಎಣಿಸಿರುವನು. ಚರಕಸಂಹಿತೆಯು ಉನ್ಮಾದವನ್ನು ನಿರೂಪಿಸುವಾಗ ಸ್ಮೃತಿವಿಭ್ರಮವನ್ನೂ ಸೇರಿಸಿರುವುದು. ಚಿಕಿತ್ಸೆಯೇ ಸಲ್ಲದಿದ್ದರೆ ಶಾಸ್ತ್ರದಲ್ಲಿ ಅದಕ್ಕೆ ಸ್ಥಾನವೆಲ್ಲಿಯದು?

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನನಿಲ್ದಾಣವು ತೆರೆಯಿತು. ದೂರದ ಮಕ್ಕಳು ಬೇಗ ಬಂದು ತಲುಪುವ ಅನುಕೂಲವಾಯಿತು. ಆದರೆ ಸನ್ನಿಯು ಅವರ ಬರವಿಗೆ ಕಾಯದು. ಇಂತಹ ಊರಿನವರಿಗೆ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯು ಹತ್ತಿರದ್ದು. ಜಟಿಲವಾದ ಮಿದುಳುವ್ಯಾಧಿಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇರುವುದು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಖಿನ್ನತೆ ಮೊದಲಾದ ವಿಷಯಗಳಲ್ಲಿ ಸಲಹೆಯು ಉಚಿತವಾಗಿ ದೊರೆಯುವುದು. ವೈದ್ಯರೆದುರು ಮೊದಲು ಹೇಳತಕ್ಕದ್ದು ವಯಸ್ಸನ್ನಲ್ಲ, ಮರೆವು ಯಾವ ದಿನ ಅಥವಾ ಯಾವ ವರ್ಷ ಮೊದಲಾಯಿತೆಂಬುದನ್ನು. ಸೇವಿಸುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯತಕ್ಕದ್ದು.